ಅಲ್ಲಾಡಿದ ಫೋಟೋ

“ಅಲ್ಲಾಡಬೇಡಿ ಅಜ್ಜಿ” ಎಂದು ಎಕ್ಸ್‌ರೇ ತೆಗೆಯುವಾತ ಮತ್ತೆ ಹೇಳಿದ. ಮಂಡಿಯ ಚಿತ್ರಕ್ಕೆಂದು ನನ್ನನ್ನು ತಣ್ಣನೆಯ ಮೇಜಿನ ಮೇಲೆ ಮಲಗಿಸಿದ್ದ. ಅಲ್ಲಾಡಬೇಡ ಅಂದರೆ ಸಾಕು, ನನಗೆ ಎಲ್ಲಿಲ್ಲದ ಕಡಿತ ಶುರುವಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಅಷ್ಟರಲ್ಲಿ ಪಕ್ಕದ ಕತ್ತಲೆ ಕೋಣೆಯ ಬಾಗಿಲು ತೆರೆದು ಯಾರೋ ಹೊರಗೆ ಬಂದರು, ಅವರ ಬೆನ್ನಿಗೇ ಆ ವಾಸನೆಯೂ ಬಂತು. ಹುಳಿ ಹುಳಿ, ಸ್ವಲ್ಪ ಗಂಧಕ ಸುಟ್ಟ ಹಾಗೆ, ಮೂಗಿನ ಬುಡಕ್ಕೇ ಹತ್ತುವಂಥದ್ದು. ಫೋಟೋ ತೊಳೆಯುವ ಹೈಪೋ. ಐವತ್ತು ವರ್ಷಕ್ಕೂ ಮೇಲಾಗಿರಬೇಕು ನಾನದನ್ನು ಮೂಸಿ.

ಮೊದಲ ಸಲ ಮೂಸಿದ್ದು ಕೊಪ್ಪದಲ್ಲಿ, ಒಬ್ಬ ಫೋಟೋದವನ ಹಿಂದಿನ ಕೋಣೆಯಲ್ಲಿ. ಪಕ್ಕದಲ್ಲಿ ನೆನೆದ ಕಂಬಳಿ ಹೊದ್ದ ಅಪ್ಪಾಜಿ ನಿಂತಿದ್ದರು. ನನ್ನ ಅಣ್ಣ ಇನ್ನು ಮನೆಗೆ ಬರುತ್ತಾನೋ ಇಲ್ಲವೋ ಅನ್ನುವುದು ಎದುರಿಗಿದ್ದ ನೀರಿನ ತಟ್ಟೆಯಲ್ಲಿತ್ತು.

ನಮ್ಮದು ನರಸಿಂಹರಾಜಪುರದ ಪೇಟೆ ಬೀದಿ. ಹಳಬರ ಬಾಯಲ್ಲಿ ಆಗಲೂ ಅದು ಎಡೇಹಳ್ಳಿಯೇ. ಮುಂದೆ ಅಪ್ಪಾಜಿಯ ಬಟ್ಟೆ ಅಂಗಡಿ, ಹಿಂದೆ ಮನೆ. ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಂಗಡಿಗೆ ಮಾಲು ಬರುತ್ತಿರಲಿಲ್ಲ, ಬಸ್ಸು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿತ್ತು. ಏರು ಸಿಕ್ಕಿದರೆ ಗಂಡಸರು ಇಳಿದು ತಳ್ಳಬೇಕು. ನನಗೆ ಹದಿನೆಂಟು ನಡೆಯುತ್ತಿತ್ತು. ಶಾಲೆ ಬಿಡಿಸಿಯಾಗಿತ್ತು, ಮದುವೆ ಗೊತ್ತಾಗಿರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಹೋಗಬೇಕು ಅನ್ನಿಸುವ ಕಾಲ. ಹೋಗುವುದಕ್ಕೆ ಜಾಗ ಮಾತ್ರ ಹಿತ್ತಿಲ ಬಾವಿಕಟ್ಟೆ ಒಂದೇ. “ಇದಕ್ಕೆ ಕಾಲಲ್ಲಿ ಚಕ್ರ ಅದೆ” ಎಂದು ಅವ್ವ ಬೈಯುತ್ತಿದ್ದಳು. ಅವಳದೇನು ಕಡಿಮೆಯೆ? ನನಗೆ ಬಂದದ್ದು ಅವಳ ಕಡೆಯಿಂದಲೇ.

ಅಣ್ಣ, ಮಲ್ಲಣ್ಣ, ಶೃಂಗೇರಿಯಿಂದ ಆಚೆ ನೆಮ್ಮಾರಿನ ಕಡೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅಲ್ಲಿನ ಬಿಳಿ ದೊರೆ ಹೊಸ ಕ್ಯಾಮೆರಾ ತರಿಸಿಕೊಂಡು ಹಳೆಯದನ್ನು ಇವನಿಗೆ ಕೊಟ್ಟ. ಕ್ಯಾಮೆರಾ ಅಂದರೆ ಏನು ಮಹಾ, ಒಂದು ಕಪ್ಪು ಡಬ್ಬಿ. ಮುಂದೆ ಗುಂಡಿಯಷ್ಟು ಗಾಜು, ಪಕ್ಕದಲ್ಲಿ ಒತ್ತುವುದಕ್ಕೊಂದು ತಗಡಿನ ಕಡ್ಡಿ, ಬೆನ್ನಿಗೆ ಫಿಲಂನ ಅಂಕಿ ಕಾಣುವ ಕೆಂಪು ಕಿಟಕಿ. ಎಂಟರ ಅಂಕಿ ಬಂತೆಂದರೆ ಅದೇ ಕೊನೆಯದು. ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಮೇಲಿನ ಸಣ್ಣ ಗಾಜಿನಲ್ಲಿ ಬಗ್ಗಿ ನೋಡಬೇಕು. ಹತ್ತಿರ ಹೋದರೆ ಮಂಜು, ಬಿಸಿಲಿಲ್ಲದಿದ್ದರೆ ಕತ್ತಲೆ, ಎದುರಿಗಿದ್ದವರು ಅಲ್ಲಾಡಿದರೆ ಎಲ್ಲ ಕಲಸುಮೇಲೋಗರ. ಅದರಲ್ಲಿ ತಿರುಗಿಸುವುದಕ್ಕೆ, ಸರಿಮಾಡುವುದಕ್ಕೆ ಏನೂ ಇರಲಿಲ್ಲ.

ಒಮ್ಮೆ ನೆಂಟರ ಮದುವೆಗೆಂದು ನಾವೆಲ್ಲ ಶೃಂಗೇರಿಗೆ ಹೋಗಿದ್ದೆವು. ಹೊಳೆ ತುಂಬ ಮೀನು, ಮೆಟ್ಟಿಲ ತುಂಬ ಜನ, ಆಚೆ ದಡದಲ್ಲಿ ಕಾಡು. ನೋಡುವಂಥದ್ದು ಅಷ್ಟೆಲ್ಲ ಇದ್ದರೂ ಅಣ್ಣ ಅದಕ್ಕೆ ಬೆನ್ನು ಹಾಕಿ, ಯಾರೋ ಒಣಗಲು ಬಂಡೆಯ ಮೇಲೆ ಹರವಿದ್ದ ಒಂದು ಪಂಚೆಯ ಫೋಟೋ ತೆಗೆದ. ಅಪ್ಪಾಜಿಗೆ ಮೈಯೆಲ್ಲ ಉರಿದುಹೋಯಿತು.

“ಪಂಚೆ ನೋಡ್ಬೇಕು ಅಂದ್ರೆ ಅಂಗ್ಡಿಗೆ ಬಾರೋ! ಅಲ್ಲಿ ಕೂರು ಅಂದ್ರೆ ಆಗಲ್ಲ ನಿಂಗೆ. ಇಲ್ಲಿ ಬಂದು ಕಂಡೋರ ಪಂಚೆ ಫೋಟೋ ತೆಗೀತಾನಂತೆ” ಎಂದರು, ನೆಂಟರೆಲ್ಲ ಕೇಳುವ ಹಾಗೆ.

ಅಪ್ಪಾಜಿ ಅತ್ತ ಹೋದ ಮೇಲೆ ಅಣ್ಣ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಇದು ಬಡವರ ಡಬ್ಬಿ ಕಣೇ ಗಿರಿಜಾ. ಎಲ್ಲಾ ತುಂಬ್ಸಕ್ಕೆ ಹೋದ್ರೆ ಎಂತದೂ ಕಾಣಲ್ಲ. ಒಂದೇ ಇರ್ಲಿ. ಬೇಡದ್ದೆಲ್ಲ ಆಚೆ ಹಾಕ್ತಾ ಹೋಗು” ಎಂದ. ಆ ಪಂಚೆಯ ಫೋಟೋ ಆಮೇಲೆ ನೋಡಿದೆ. ಕಪ್ಪು ಬಂಡೆ, ಬಿಳಿ ಬಟ್ಟೆ, ಒಂದು ಮೂಲೆ ಮಾತ್ರ ಗಾಳಿಗೆ ಎದ್ದಿತ್ತು. ಉಟ್ಟವರು ಈಗ ನೀರಿನಿಂದ ಎದ್ದು ಬರುತ್ತಾರೆ ಅನ್ನಿಸುತ್ತಿತ್ತು. ಆ ಫೋಟೋ ನೋಡಿದ ದಿನದಿಂದ ನಾನು ಅಣ್ಣನ ಕಡೆ.

ಆ ವರ್ಷ ತೋಟದ ಕೆಲಸವನ್ನೂ ಬಿಟ್ಟು ಅಣ್ಣ ಮನೆಗೆ ಬಂದ. ಡಬ್ಬಿ ಹಿಡಿದು ಊರು ಸುತ್ತುತ್ತಿದ್ದ. ದಸರೆಗೆ ಮುಂಚೆ ಒಂದು ದಿನ ಅಂಗಡಿ ತುಂಬ ಗಿರಾಕಿಗಳಿದ್ದಾಗ ಅಪ್ಪಾಜಿ ಸಿಡಿದರು. “ಆ ಡಬ್ಬಿ ತಗಂಡು ಎಲ್ಲಿಗಾದ್ರೂ ಹಾಳಾಗಿ ಹೋಗು. ನಿನ್ನ ಮುಖ ನಂಗೆ ತೋರಿಸ್ಬೇಡ” ಎಂದುಬಿಟ್ಟರು. ಅಣ್ಣ ಆ ಮಾತನ್ನು ಅಕ್ಷರಶಃ ತೆಗೆದುಕೊಂಡ. ಶಿವಮೊಗ್ಗಕ್ಕೆ ಹೋಗಿ ಮಿಲಿಟರಿಗೆ ಸೇರಿದ. ಹೊರಡುವಾಗ ಡಬ್ಬಿ ನನಗೆ ಕೊಟ್ಟು, “ಕೊನೇದೊಂದು ಉಳ್ದಿದೆ. ಅವ್ವಂದು ತೆಗ್ದು ಕಳ್ಸು” ಎಂದ. ಅವ್ವ ಬಾಗಿಲ ತನಕ ಬಂದಳು. ಅಪ್ಪಾಜಿ ಗಜಕೋಲು ಹಿಡಿದು, ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂತಿದ್ದರು. ಅವನಿಗೆ ಈ ಮನೆಯಿಂದ ಯಾರೂ ಕಾಗದ ಬರೆಯಕೂಡದು ಎಂದು ಅವತ್ತೇ ಅಪ್ಪಣೆಯಾಯಿತು. ಕಾಗದ ಬರೆಯಬಾರದು ಅಂದಿದ್ದರು, ಫೋಟೋ ಕಳಿಸಬಾರದು ಅಂದಿರಲಿಲ್ಲ.

ಆದರೆ ಅವ್ವನ ಫೋಟೋ ತೆಗೆಯುವುದೆಂದರೆ ಓಡುವ ಕೋಳಿಯ ಕಾಲಿಗೆ ಗೆಜ್ಜೆ ಕಟ್ಟಿದಷ್ಟೇ ಸುಲಭ. ನಿಲ್ಲು ಅಂದರೆ ಒಲೆಯ ಮೇಲೆ ಹಾಲಿದೆ ಅನ್ನುವಳು. ಕೂರು ಅಂದರೆ ಎಮ್ಮೆ ಕರೆಯುತ್ತಿದೆ ಅನ್ನುವಳು. ಕೂತರೂ ಕೈ ಸುಮ್ಮನಿರದು, ಬಾಯಂತೂ ಕೇಳಲೇಬೇಡಿ. ಅದೂ ಅಲ್ಲದೆ ಫೋಟೋದಲ್ಲಿ ಏನೇನಿರಬೇಕು ಎಂದು ಅವಳದೇ ಒಂದು ದೊಡ್ಡ ಪಟ್ಟಿ.

“ಗೋಡೆ ಗಡಿಯಾರ ಕೆಳಗಿಳ್ಸಿ ಪಕ್ಕ ಇಡು. ಹಿತ್ತಾಳೆ ಕೊಳಗ ಬೆಳಗಿದೀನಿ, ಅದೂ ಇರ್ಲಿ. ಕಾಳಿ ಕರು ಹಾಕಿದೆ ಅಂತ ಅವನಿಗೆ ಗೊತ್ತಿಲ್ಲ, ಕರು ಸಮೇತ ಎಮ್ಮೆ ಹಿಡ್ಕಂಡು ನಿಲ್ತೀನಿ” ಎಂದಳು.

“ಅವ್ವಾ, ಅಣ್ಣ ಕೇಳಿದ್ದು ನಿನ್ನ ಫೋಟೋ. ಎಮ್ಮೇದಲ್ಲ” ಎಂದೆ.

“ಎಮ್ಮೆ ಇಲ್ದೆ ನಾನು ಯಾವತ್ತು ಇದ್ದೆ ಮಾರಾಯ್ತಿ?”

ಹೀಗೇ ಜಗ್ಗಾಡುತ್ತ ಸುಗ್ಗಿ ಕಳೆಯಿತು. ನನಗೆ ನಿದ್ದೆಯಲ್ಲೂ ಆ ಕೆಂಪು ಕಿಟಕಿಯ ಎಂಟರ ಅಂಕಿ. ಇನ್ನೊಂದು ಫಿಲಂ ಆ ಕಾಲದಲ್ಲಿ ಶಿವಮೊಗ್ಗದಲ್ಲೂ ಸಿಗುವ ಹಾಗಿರಲಿಲ್ಲ, ಇದು ಹಾಳಾದರೆ ಹಾಳಾಯಿತು. ಆಮೇಲೆ ಒಂದು ಬೆಳಿಗ್ಗೆ ಹೊಳೆಯಿತು. ಅವ್ವ ಅಲ್ಲಾಡದೆ ಇರುವ ಹೊತ್ತು ದಿನಕ್ಕೆ ಒಂದಿದೆ. ಲಿಂಗಪೂಜೆಗೆ ಕೂತಾಗ ಅವಳು ಬೇರೆಯೇ ಹೆಂಗಸು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತರೆ ಎಮ್ಮೆಯಲ್ಲ, ಆನೆ ಬಂದು ಕರೆದರೂ ಕದಲುತ್ತಿರಲಿಲ್ಲ.

ಶಿವರಾತ್ರಿಯ ಬೆಳಿಗ್ಗೆ ಅವಳನ್ನು ಕಾಡಿ ಬೇಡಿ ಹಿಂದಿನ ಜಗಲಿಯಲ್ಲಿ ಪೂಜೆಗೆ ಕೂರಿಸಿದೆ. ಅಲ್ಲಿ ಗೋಡೆಗೆ ಎಳೆಬಿಸಿಲು ನೇರ ಬೀಳುತ್ತಿತ್ತು. ಗೋಡೆಯ ಮೇಲಿದ್ದ ಕನ್ನಡಿ, ಕ್ಯಾಲೆಂಡರು, ಹಗ್ಗ, ಮೊರ ಎಲ್ಲ ತೆಗೆದೆ. ಕೊಳಗ ಆಚೆ, ಗಡಿಯಾರ ಒಳಗೆ, ಎಮ್ಮೆ ಕೊಟ್ಟಿಗೆಯಲ್ಲಿ. ಸುಣ್ಣದ ಗೋಡೆ, ಅದಕ್ಕೆ ಒರಗಿ ಅವ್ವ, ಹಣೆಯಲ್ಲಿ ದಪ್ಪ ವಿಭೂತಿ, ಮುಡಿಯಲ್ಲಿ ಪೂಜೆಯ ಹೂವು. ಬಿಸಿಲಿಗೆ ಕಣ್ಣು ತಾನಾಗಿ ಮುಚ್ಚಿತ್ತು. ಉಸಿರು ಹಿಡಿದು ಕಡ್ಡಿ ಒತ್ತಿದೆ. ಒಂದೇ ಇರ್ಲಿ ಅಂದಿದ್ದನಲ್ಲ ಅಣ್ಣ, ಒಂದೇ ಇತ್ತು.

ಫಿಲಂ ಅನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಪ್ಪಕ್ಕೆ ಕಳಿಸಿದೆ. ಅಲ್ಲಿ ಪುಟ್ಟಯ್ಯ ಅಂತ ಒಬ್ಬರು ಫೋಟೋ ತೊಳೆದು ಪ್ರಿಂಟು ಹಾಕುತ್ತಿದ್ದರು. ಎರಡು ಕಾಪಿ ಬಂತು, ಎರಡನ್ನೂ ಕಪ್ಪು ಅಂಚಿನ ರಟ್ಟಿಗೆ ಅಂಟಿಸಿದ್ದರು. ನಾನು ಅಂಚು ಕೇಳಿರಲಿಲ್ಲ. ಅವ್ವ ಮಾತ್ರ, “ನನ್ನ ಸೀರೆ ಅಂಚಿಗೆ ಸರಿಯಾಗಿ ಹಾಕಿದಾನೆ ನೋಡು” ಎಂದು ಹಿಗ್ಗಿದಳು. ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತೆ! ಒಂದು ಕಾಪಿ ಅವ್ವನ ಪೆಟ್ಟಿಗೆಗೆ ಹೋಯಿತು. ಇನ್ನೊಂದನ್ನು ಲಕೋಟೆಗೆ ಹಾಕಿ, ಅಣ್ಣ ಹಿಂದೊಮ್ಮೆ ಕಾರ್ಡಿನಲ್ಲಿ ಬರೆದಿದ್ದ ಮಿಲಿಟರಿ ವಿಳಾಸ ಬರೆದು ಅಂಚೆಗೆ ಹಾಕಿದೆ. ಒಳಗೆ ಕಾಗದ ಇಡಲಿಲ್ಲ. ಅಪ್ಪಾಜಿಯ ಅಪ್ಪಣೆಯೂ ಉಳಿಯಿತು, ಅಣ್ಣನ ಪಾಠವೂ ಉಳಿಯಿತು ಎಂದುಕೊಂಡೆ.

ಉತ್ತರ ಬಂದದ್ದು ಮೃಗಶಿರಾ ಮಳೆ ಹಿಡಿದ ವಾರದಲ್ಲಿ. ಅಪ್ಪಾಜಿಯ ಹೆಸರಿಗೇ ಒಂದು ಕಾರ್ಡು. ಅವರು ಅಂಗಡಿಯ ಬಾಗಿಲಲ್ಲಿ ನಿಂತು ಓದಿದರು. ಓದಿ ಒಳಗೆ ಬಂದರು. ಅವ್ವ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅವಳನ್ನೇ ನೋಡುತ್ತ ನಿಂತುಬಿಟ್ಟರು.

“ಎಂತ ಹಂಗೆ ನೋಡ್ತೀರಿ? ರೊಟ್ಟಿ ಇನ್ನೂ ಬೇಯ್ಬೇಕು” ಎಂದಳು ಅವ್ವ.

ಅಪ್ಪಾಜಿ ಕಾರ್ಡನ್ನು ನನ್ನ ಕೈಗೆ ಕೊಟ್ಟರು. ಎರಡೇ ಸಾಲು. ಅವ್ವನ ಕೊನೆಯ ಫೋಟೋ ತಲುಪಿತು, ಮಣ್ಣಿಗೂ ಆಗದೇ ಹೋದೆ. ಇನ್ನು ಆ ಮನೆಯಲ್ಲಿ ನನಗೆ ಯಾರೂ ಇಲ್ಲ, ಯುದ್ಧ ಮುಗಿದರೂ ನಾನು ಆ ಕಡೆ ಬರುವುದಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪಾಜಿ, “ಎಂತ ಕಳ್ಸಿದ್ದೆ ಅವನಿಗೆ? ತಗಂಡು ಬಾ” ಎಂದರು. ಪೆಟ್ಟಿಗೆಯಲ್ಲಿದ್ದ ಕಾಪಿ ತಂದುಕೊಟ್ಟೆ. ಅಷ್ಟು ತಿಂಗಳಲ್ಲಿ ಅವರು ಅದನ್ನು ನೋಡಿಯೇ ಇರಲಿಲ್ಲ. ನೋಡಿದವರು ಹಾಗೇ ಕುಸಿದು ಹೊಸ್ತಿಲ ಮೇಲೆ ಕೂತರು.

“ಯವ್ವಾ ಗಿರಿಜಾ, ಇದು ಮಣ್ಣಿಗಿಡೋ ಮುಂಚೆ ಕೂರ್ಸಿದ ಹಂಗಿದೆಯಲ್ಲೇ!”

ಆಗ ನನಗೂ ಕಂಡಿತು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಹೂವು ಮುಡಿಸಿ, ಕೈಯಲ್ಲಿ ಲಿಂಗ ಇಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂರಿಸಿಯೇ ಸಮಾಧಿ ಮಾಡುತ್ತಾರೆ. ಆ ಕಾಲದಲ್ಲಿ ಫೋಟೋದವನನ್ನು ಮನೆಗೆ ಕರೆಸುತ್ತಿದ್ದುದೂ ಹೆಚ್ಚಾಗಿ ಆ ಒಂದು ದಿನಕ್ಕೆ. ಪುಟ್ಟಯ್ಯನವರು ಕೇಳದೆಯೇ ಕಪ್ಪು ಅಂಚು ಹಾಕಿದ್ದರ ಅರ್ಥವೂ ಆಗ ಆಯಿತು. ಅವರ ಲೆಕ್ಕದಲ್ಲಿ ಅದು ಸಾವಿನ ಮನೆಗೆ ತೋರಿಸಿದ ಮರ್ಯಾದೆ.

ಇಷ್ಟು ದಿನ ಯಾಕೆ ಕಾಣಲಿಲ್ಲ ಎಂದು ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಹೇಗೆ ಕಾಣುತ್ತದೆ? ಎದುರಿಗೆ ಬಳೆ ಸದ್ದು ಮಾಡುತ್ತ ಅವ್ವ ರೊಟ್ಟಿ ತಟ್ಟುತ್ತಿರುವಾಗ ಫೋಟೋದಲ್ಲಿರುವವಳು ಸತ್ತಿದ್ದಾಳೆ ಎಂದು ಯಾರಿಗೆ ಹೊಳೆದೀತು? ಫೋಟೋದಲ್ಲಿ ತಪ್ಪಿರಲಿಲ್ಲ. ಈಗಲೂ ಅದೇ ಅನ್ನುತ್ತೇನೆ, ನಾನು ತೆಗೆದದ್ದರಲ್ಲಿ ಅದೇ ಚೆಂದದ ಫೋಟೋ.

ಅವ್ವನಿಗೆ ವಿಷಯ ತಿಳಿದಾಗ ಮೊದಲು ನಗು ಬಂತು. ನಗುತ್ತ ನಗುತ್ತಲೇ ಅಳುವಿಗಿಳಿದಳು. “ನನ್ನ ಮಗ ನಾನು ಸತ್ತೆ ಅಂತ ಅಲ್ಲಿ ಒಬ್ನೇ ಕೂತು ಅತ್ತಿರ್ತಾನಲ್ಲೇ. ಎಮ್ಮೆ ಇರ್ಲಿ ಅಂದೆ, ಕೇಳಿದ್ಯಾ? ಎಮ್ಮೆ ಹಿಡ್ಕಂಡು ಯಾರಾದ್ರೂ ಸಾಯ್ತಾರಾ?” ಎಂದಳು.

ಅಪ್ಪಾಜಿ ಮಾತ್ರ ಅಳಲೂ ಇಲ್ಲ, ಬೈಯಲೂ ಇಲ್ಲ. ಅವರಿಗೆ ನಾಟಿದ್ದು ಕಾರ್ಡಿನ ಎರಡನೆಯ ಸಾಲು. ಆ ಮನೆಯಲ್ಲಿ ನನಗೆ ಯಾರೂ ಇಲ್ಲ. ಒಬ್ಬರೇ ಇದ್ದಾಗ ಅದನ್ನು ತೆಗೆದು ಓದುವುದನ್ನು ಕಂಡಿದ್ದೇನೆ. ಮರುದಿನವೇ ತಂತಿ ಕೊಟ್ಟರು, ತಾಯಿ ಬದುಕಿದ್ದಾರೆ ಎಂದು. ಆಮೇಲೆ ಅವರೇ ಕೂತು ಕಾಗದ ಬರೆದರು, ನನ್ನಿಂದಲೂ ಬರೆಸಿದರು. ಏನೂ ಉತ್ತರವಿಲ್ಲ. ತಂತಿಯನ್ನು ನಮ್ಮ ಕಡೆ ಯಾರು ನಂಬುತ್ತಿದ್ದರು? ಹುಷಾರಿಲ್ಲ ಅಂತ ತಂತಿ ಬಂದರೆ ಹೋಗಿಯಾಯಿತು ಎಂದು ಅರ್ಥ. ಬದುಕಿದ್ದಾರೆ ಅಂತ ಬಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅರ್ಥ.

ಆರಿದ್ರಾ ಮಳೆ ಶುರುವಾಯಿತು. ‘ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ’ ಅನ್ನುತ್ತಾರಲ್ಲ, ಆ ವರ್ಷ ನನಗೆ ಮಳೆಯೇ ದರಿದ್ರ ಅನ್ನಿಸಿತು. ಬಾಗಿಲಿಂದ ಹಿತ್ತಿಲು, ಹಿತ್ತಿಲಿಂದ ಬಾಗಿಲು, ಸುತ್ತಿ ಸುತ್ತಿ ಕಾಲು ಸವೆಸಿದೆ. ಪೋಸ್ಟಿನವನ ಛತ್ರಿ ಬೀದಿ ತಿರುವಿನಲ್ಲಿ ಕಂಡರೆ ನೆನೆಯುತ್ತಲೇ ಬೀದಿಗಿಳಿಯುತ್ತಿದ್ದೆ. ಕೊನೆಗೊಂದು ದಿನ ತಡೆಯಲಾರದೆ, “ಅವನು ಮಾತು ನಂಬಲ್ಲ ಅಪ್ಪಾಜಿ. ಫೋಟೋ ನೋಡಿ ಕೆಟ್ಟಿದ್ದು, ಫೋಟೋ ನೋಡೇ ಸರಿಯಾಗ್ಬೇಕು” ಎಂದೆ.

“ಫಿಲಂ ಎಲ್ಲಿದೆ?” ಎಂದರು.

“ಎಲ್ಲೂ ಇಲ್ಲ. ಆ ತೋಟದ ದೊರೆ ಹತ್ರ ಇದ್ರೆ ಇರ್ಬೇಕು.”

ಅಪ್ಪಾಜಿ ಮಾರನೆಯ ದಿನ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟರು. ಶೃಂಗೇರಿಯವರೆಗೆ ಹೇಗೋ ಬಸ್ಸು, ಅಲ್ಲಿಂದ ನೆಮ್ಮಾರಿಗೆ ಕಾಡುದಾರಿಯಲ್ಲಿ ಕಾಲ್ನಡಿಗೆ. ಪುನರ್ವಸು ಮಳೆ ಜಡಿಯುತ್ತಿತ್ತು. ಅವರು ತಿರುಗಿ ಬರುವ ತನಕ ನಾನೂ ಅವ್ವನೂ ಒಬ್ಬರಿಗೊಬ್ಬರು ಸಿಡಿಮಿಡಿಗುಟ್ಟುತ್ತ ಕಾಲ ತಳ್ಳಿದೆವು. ಬಂದಾಗ ಅವರ ಕಾಲ ತುಂಬ ಜಿಗಣೆ ಕಚ್ಚಿದ ರಕ್ತ. ಸೊಂಟದ ಎಲೆಅಡಿಕೆ ಚೀಲದಿಂದ ಅಡಿಕೆ ಹಾಳೆಯಲ್ಲಿ ಸುತ್ತಿದ ಒಂದು ಸುರುಳಿ ತೆಗೆದು ನನ್ನ ಮುಂದಿಟ್ಟರು.

“ಕೇಳಿದ್ಕೂಡ್ಲೆ ಕೊಟ್ರಾ?” ಎಂದಳು ಅವ್ವ.

“ಕೊಟ್ಟ” ಎಂದರು. ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತ, “ಅವನಿಗೆ ಕನ್ನಡ ಬರುತ್ತೆ. ಕೂಲಿಯವರಿಗೆ ಬೈಯೋ ಕನ್ನಡ. ‘ಏ, ಎಂತ ಬೇಕು ನಿಂಗೆ, ಅಲ್ಲೇ ನಿಲ್ಲು’ ಅಂದ. ನಿಂತೆ” ಎಂದರು.

ಪೇಟೆಯಲ್ಲಿ ಅಪ್ಪಾಜಿಯನ್ನು ಏಕವಚನದಲ್ಲಿ ಕರೆದವರು ಯಾರೂ ಇರಲಿಲ್ಲ. ಅವ್ವ ಎದ್ದು ಹೋಗಿ ಬಿಸಿನೀರು ತಂದು ಕಾಲ ಬಳಿ ಇಟ್ಟಳು, ಬಾಯಲ್ಲಿ ಒಂದು ಮಾತಿಲ್ಲ. ಅವಳು ಮಾತಿಲ್ಲದೆ ಇದ್ದಳೆಂದರೆ ಪೂಜೆ ಬಿಟ್ಟರೆ ಆ ಒಂದು ಸಲವೇ ಇರಬೇಕು.

ಫಿಲಂ ಬಂತು, ಬಿಸಿಲು ಬರಬೇಕಲ್ಲ. ಸುರುಳಿಗೆ ಥಂಡಿ ಹಿಡಿಯದಿರಲಿ ಎಂದು ಅವ್ವ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಪುಷ್ಯ ಹೋಯಿತು, ಆಶ್ಲೇಷ ಹೋಯಿತು. ಮೋಡ ತೆಳುವಾದ ಹಾಗೆ ಕಂಡರೆ ಡಬ್ಬಿ ಹಿಡಿದು ಅಂಗಳಕ್ಕೆ ಓಡುವುದು, ಓಡಿದ ಕೂಡಲೇ ಮಳೆ. ಬಡವರ ಡಬ್ಬಿಯನ್ನು ಈ ಸೀಮೆಗೆ ತಂದವರಿಗೆ ಬುದ್ಧಿ ಇರಲಿಲ್ಲ ಎಂದು ಅಣ್ಣನನ್ನೂ ದೊರೆಯನ್ನೂ ಸೇರಿಸಿ ಶಪಿಸಿದೆ. ರಾತ್ರಿ ಹೆಂಚಿನ ಸದ್ದು ಸಣ್ಣದಾದರೆ ಎಚ್ಚರವಾಗುತ್ತಿತ್ತು, ಜೋರಾದರೆ ಮತ್ತೆ ಮಲಗುತ್ತಿದ್ದೆ.

ಮಘೆ ಮಳೆಯ ನಡುವೆ ಒಂದು ಬೆಳಿಗ್ಗೆ, ಯಾವ ಸೂಚನೆಯೂ ಇಲ್ಲದೆ, ತೊಳೆದಿಟ್ಟ ಹಾಗೆ ಬಿಸಿಲು ಬಿತ್ತು. “ಅವ್ವಾ!” ಎಂದು ನಾನು ಕೂಗಿದ ರಭಸಕ್ಕೆ ಅಂಗಡಿಯಿಂದ ಅಪ್ಪಾಜಿಯೂ ಎದ್ದು ಬಂದರು. ಈ ಸಲ ಅವ್ವ ಹೇಳಿದ್ದೆಲ್ಲ ಇರಲಿ ಎಂದು ನಾನು ಮೊದಲೇ ಸೋತಿದ್ದೆ. ಗಡಿಯಾರ ಬಂತು, ಕೊಳಗ ಬಂತು, ಕಾಳಿಯೂ ಕರುವೂ ಬಂದವು. ಹಿತ್ತಾಳೆ ಸಾಮಾನಿನ ನಡುವೆ ಎಮ್ಮೆಯ ಹಗ್ಗ ಹಿಡಿದು ಅವ್ವ ನಿಂತಳು. ನಿಂತವಳು ಕಲ್ಲಾದಳು. ಸತ್ತ ಹಾಗೆ ಕಾಣಬಾರದಲ್ಲ, ಕಣ್ಣು ಬಿಟ್ಟಳು ನೋಡಿ, ಗುಡ್ಡೆ ಈಚೆ ಬೀಳಬೇಕು ಹಾಗೆ!

“ಅವ್ವಾ, ಸಾದಾ ಇರು. ನಗು.”

“ಮಗ ಅಲ್ಲಿ ಹಂಗಿರುವಾಗ ಹೆಂಗೆ ನಗ್ಲಿ?” ಎಂದಳು, ತುಟಿ ಅಲ್ಲಾಡಿಸದೆ.

ಒಂದು ತೆಗೆದೆ, ಎರಡು ತೆಗೆದೆ. ನೀರು ಹೊತ್ತ ಹಾಗೆ, ರೊಟ್ಟಿ ತಟ್ಟಿದ ಹಾಗೆ, ಎಮ್ಮೆಯ ಹಾಲು ಕರೆದ ಹಾಗೆ ಮಾಡಿಸಿದೆ. ಕಡ್ಡಿಯ ಮೇಲೆ ನನ್ನ ಬೆರಳು ಕಂಡ ಕೂಡಲೇ ಅವಳು ಮತ್ತೆ ಕಲ್ಲು. ಜೀವವಿರುವ ಮನುಷ್ಯರನ್ನು ಜೀವವಿದೆ ಎಂದು ತೋರಿಸುವುದು ಅಷ್ಟು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆಂಪು ಕಿಟಕಿಯಲ್ಲಿ ಎಂಟು ಬಂತು. ಗುಡ್ಡದ ಮೇಲಿಂದ ಮೋಡ ಮತ್ತೆ ಇಳಿಯುತ್ತಿತ್ತು. ನನಗೆ ಅಳುವೇ ಬಂತು.

ಅಷ್ಟು ಹೊತ್ತೂ ಅಪ್ಪಾಜಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈಗ ತಲೆಯ ರುಮಾಲು ಸರಿಮಾಡಿಕೊಂಡು ಅಂಗಳಕ್ಕೆ ಇಳಿದರು. ನೇರ ನನ್ನ ಡಬ್ಬಿಯ ಎದುರಿಗೇ ನಡೆದು ಬಂದರು. “ನನ್ನ ಮುಖಾನೂ ಇರ್ಲಿ ಅದ್ರಲ್ಲಿ. ಅವನು ನೋಡ್ಲಿ” ಎಂದರು.

ಅವ್ವನ ಪಕ್ಕಕ್ಕೆ ಹೋಗುವ ಭರದಲ್ಲಿ ಅವರ ಕಾಲು ತಗುಲಿ ಹಿತ್ತಾಳೆ ಕೊಳಗ ಢಣಾರನೆ ಉರುಳಿತು. ಕಾಳಿ ಬೆಚ್ಚಿ ಹಗ್ಗ ಜಗ್ಗಿತು. ಆ ಸದ್ದಿಗೆ ಅವ್ವನ ಕಲ್ಲು ಒಡೆಯಿತು.

“ಈಗ ಬಂದ್ರಾ!” ಎಂದು ಅವರ ಕಡೆ ತಿರುಗಿ ಕೈ ಬೀಸಿದಳು. “ಆವತ್ತು ಮುಖ ತೋರಿಸ್ಬೇಡ ಅಂದ್ರಿ, ಈಗ ಇವರ ಮುಖ ತೋರಿಸ್ತಾರಂತೆ! ಅವತ್ತು ಬಾಗ್ಲ ತಂಕ ಬರಕ್ಕೆ ಎಂತ ಆಗಿತ್ತು ನಿಮ್ಗೆ? ಅಂಗ್ಡೀಲಿ ಯಾರ ಪಂಚೆ ಅಳೀತಿದ್ರಿ?”

ಒಂದು ವರ್ಷ ಒಳಗೇ ಇಟ್ಟುಕೊಂಡದ್ದು ಅಷ್ಟೂ ಹೊರಗೆ ಬಂತು. ಅಪ್ಪಾಜಿ ಕುತ್ತಿಗೆ ತಗ್ಗಿಸಿ, ಒಂದು ಕಣ್ಣು ಕಿರಿದು ಮಾಡಿ, ಮಳೆಗೆ ಸಿಕ್ಕಿದವರ ಹಾಗೆ ನಿಂತರು. ನಾನು ಒತ್ತಬೇಕು ಎಂದುಕೊಳ್ಳಲಿಲ್ಲ, ಬೆರಳು ಒತ್ತಿಬಿಟ್ಟಿತ್ತು. ಬಿಸಿಲು ಹೋಯಿತು.

ಈ ಸಲ ಕಂಡಕ್ಟರ್ ಕೈಯಲ್ಲಿ ಕೊಡುವ ಧೈರ್ಯ ನನಗೂ ಅಪ್ಪಾಜಿಗೂ ಇರಲಿಲ್ಲ. ಬಾಳೆಹೊನ್ನೂರಿನ ಮೇಲೆ ಕೊಪ್ಪಕ್ಕೆ ಹೋದೆವು, ದಾರಿಯುದ್ದಕ್ಕೂ ಇದ್ದಿಲ ಹೊಗೆ ಕುಡಿಯುತ್ತ. ಪುಟ್ಟಯ್ಯನವರು ಮೆತ್ತಗಿನ ಮನುಷ್ಯರು. ನಾವು ಎಲ್ಲಿಯವರೆಂದು ತಿಳಿದಾಗ ಅಪ್ಪಾಜಿಯ ಕಡೆ ತಿರುಗಿ, “ಮನೆಯವರು ಹೋದ್ದು ತಿಳೀತು. ಫೋಟೋ ನಾನೇ ತೊಳೆದಿದ್ದು. ಒಳ್ಳೆ ಮರಣ ಬಿಡಿ, ಮುಖದಲ್ಲಿ ಶಾಂತಿ ಇತ್ತು” ಎಂದರು.

“ಅವಳು ಬೆಳಗ್ಗೆ ನಂಗೆ ಬುತ್ತಿ ಕಟ್ಟಿ ಕಳ್ಸಿದಾಳೆ ಮಾರಾಯ್ರೆ” ಎಂದರು ಅಪ್ಪಾಜಿ. ಪುಟ್ಟಯ್ಯನವರ ಕೈಯಲ್ಲಿದ್ದ ಸುರುಳಿ ಬೀಳುವುದೊಂದು ಬಾಕಿ.

ಆ ಹಿಂದಿನ ಕೋಣೆಯಲ್ಲಿ, ಹೈಪೋದ ಆ ವಾಸನೆಯಲ್ಲಿ, ಅವರು ಫಿಲಂ ತೊಳೆದು ಬೆಳಕಿಗೆ ಹಿಡಿದರು. ಥಂಡಿ ಹಿಡಿದಿತ್ತು. ಉದ್ದಕ್ಕೂ ಕಲೆ, ಬೂಷ್ಟು. ಕಣ್ಣು ಬಿಟ್ಟ ಅವ್ವ ಒಂದರಲ್ಲೂ ಉಳಿದಿರಲಿಲ್ಲ. ಕೊನೆಯದೊಂದು ಮಾತ್ರ ಬಂದಿತ್ತು. ಅದನ್ನು ಕಾಗದಕ್ಕೆ ಇಳಿಸಿ ತಟ್ಟೆಯಲ್ಲಿ ತೇಲಿಬಿಟ್ಟರು. ಮೊದಲು ಕಂಡದ್ದು ಅಪ್ಪಾಜಿ, ನಿಚ್ಚಳವಾಗಿ, ಆ ಕಿರಿದು ಮಾಡಿದ ಕಣ್ಣಿನ ಸಮೇತ. ಆಮೇಲೆ ಎಮ್ಮೆಯ ಕೊಂಬು. ನಡುವೆ ಸೀರೆಯುಟ್ಟ ಒಂದು ಬಿರುಗಾಳಿ. ಕೈ ಇರಬೇಕಾದಲ್ಲಿ ಹೊಗೆ, ಮುಖ ಇರಬೇಕಾದಲ್ಲಿ ಎರಡು ಮೂರು ಮುಖದ ನೆರಳು, ತೆರೆದ ಬಾಯಿ.

“ಅಯ್ಯೋ, ಅಲ್ಲಾಡಿದೆ ತಂಗಿ. ಹಾಳಾಯ್ತು. ಇದನ್ನ ಕೊಟ್ರೆ ನನ್ನ ಹೆಸರು ಕೆಡುತ್ತೆ” ಎಂದು ಪುಟ್ಟಯ್ಯನವರು ತೆಗೆದು ಬಿಸಾಡಹೋದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಹೊರಗಿನ ಗಂಡಸಿನ ಕೈ ಹಾಗೆ ಹಿಡಿದದ್ದು ಅದೇ ಮೊದಲು, ಅಪ್ಪಾಜಿ ನೋಡಿಯೂ ನೋಡದ ಹಾಗೆ ಇದ್ದರು.

“ಅಲ್ಲಾಡಿದೆ ಅಂತಲೇ ಬೇಕು. ರಟ್ಟು ಬೇಡ, ಅಂಚು ಬೇಡ, ಹಾಗೇ ಕೊಡಿ” ಎಂದೆ.

ಕೊಪ್ಪದ ಅಂಚೆಯಲ್ಲೇ ಹಾಕಿದೆವು. ಏನಾದರೂ ಬರೆಯಲೇ ಎಂದು ಕೇಳಿದೆ. ಅಪ್ಪಾಜಿ ಯೋಚಿಸಿ, “ಬೇಡ. ಬರ್ದಿದ್ದು ಅವನು ನಂಬಲ್ಲ” ಎಂದರು.

ಮತ್ತೆ ಕಾಯುವುದು. ಮಳೆ ನಿಂತಿತು, ದೀಪಾವಳಿ ಬಂತು ಹೋಯಿತು. ಕಾಗದವಿಲ್ಲ, ಕಾರ್ಡಿಲ್ಲ. ಯುದ್ಧದ ಸುದ್ದಿ ಕೆಟ್ಟದ್ದೇ ಬರುತ್ತಿತ್ತು. ಅವ್ವ ದಿನಾ ಎಮ್ಮೆಗೆ ಹೇಳಿಕೊಳ್ಳುವಳು, ಅಪ್ಪಾಜಿ ಅದೇ ಪಂಚೆ ಮಡಿಸಿ ಬಿಚ್ಚಿ ಮಡಿಸುವರು. ನಾನು ಬಸ್ಸಿನ ಹೊತ್ತಿಗೆ ಏನಾದರೂ ನೆವ ತೆಗೆದು ಬೀದಿ ಬಾಗಿಲಿಗೆ ಹೋಗುವೆ.

ಚಳಿಗಾಲದ ಒಂದು ಮಧ್ಯಾಹ್ನ ಬಸ್ಸಿನಿಂದ ಖಾಕಿ ಬಟ್ಟೆಯ ಒಬ್ಬ ಸಣಕಲ ಇಳಿದ. ನಡಿಗೆ ನೋಡಿ ಗುರುತು ಸಿಕ್ಕಿತು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಚಕ್ರದ ಕಾಲು ಬೇಕಾದ ಹೊತ್ತಿಗೆ ಕೈಕೊಟ್ಟಿತು. ಅಣ್ಣ ಸೀದಾ ಅಂಗಡಿಗೆ ಹೋದ. ಅಪ್ಪಾಜಿ ತಲೆಯೆತ್ತಿದರು. ಗಾದಿಯ ಮೇಲೆ ಒಂದು ಬದಿಗೆ ಸರಿದು ಜಾಗ ಮಾಡಿಕೊಟ್ಟರು, ಅಣ್ಣ ಕೂತ. ಒಳಗಿಂದ ಅವ್ವ, “ಯಾರದು, ಚಪ್ಪಲಿ ಬಿಟ್ಟಿದ್ದಾರೋ ಹೆಂಗೆ?” ಎಂದು ಕೂಗುತ್ತಲೇ ಈಚೆ ಬಂದಳು. ಬಂದವಳು ಅವನ ಬೆನ್ನಿಗೆ ನಾಲ್ಕು ಗುದ್ದಿದಳು, ಆಮೇಲೆ ತಬ್ಬಿಕೊಂಡಳು.

ರಜೆ ಸಿಕ್ಕಿದ ಕೂಡಲೇ ಹೊರಟುಬಂದಿದ್ದನಂತೆ. ಊಟಕ್ಕೆ ಕೂತಾಗ ನಾನು ಕೇಳಿದೆ. “ತಂತಿ ನಂಬ್ಲಿಲ್ಲ, ಕಾಗ್ದ ನಂಬ್ಲಿಲ್ಲ. ಆ ಫೋಟೋ ಹೆಂಗೆ ನಂಬ್ದೆ? ಅದ್ರಲ್ಲಿ ಅವ್ವನ ಮುಖಾನೇ ಕಾಣಲ್ವಲ್ಲ?”

ಅಣ್ಣ ಜೇಬಿನಿಂದ ಅದನ್ನು ತೆಗೆದ. ಮಡಿಕೆ ಬಿದ್ದು ನಾಲ್ಕು ಚೂರಾಗುವ ಹಾಗಿತ್ತು. “ಕಾಗ್ದ ಎಲ್ಲ ಅಪ್ಪಾಜಿ ನನ್ನ ಅಂಗ್ಡೀಲಿ ಕೂರ್ಸಕ್ಕೆ ಹೂಡಿದ ಆಟ ಅಂದ್ಕಂಡೆ. ಇದ್ರಲ್ಲೂ ಮೊದ್ಲು ಅವ್ವನ್ನ ಹುಡ್ಕಿದೆ, ಯಾರೋ ಒಬ್ಳು ಹೆಂಗ್ಸು, ಯಾರಾದ್ರೂ ಆಗ್ಬಹುದು. ಆಮೇಲೆ ಅಪ್ಪಾಜಿ ಮುಖ ನೋಡ್ದೆ” ಎಂದು ನಿಲ್ಲಿಸಿದ. ಅಪ್ಪಾಜಿ ತುತ್ತು ಕೈಯಲ್ಲೇ ಹಿಡಿದಿದ್ದರು. “ಇವ್ರನ್ನ ಹಿಂಗೆ ಬೈದು ನಿಲ್ಸೋ ಹೆಂಗ್ಸು ಲೋಕದಲ್ಲಿ ಇನ್ನೊಬ್ಳಿಲ್ಲ” ಎಂದ.

ಅಪ್ಪಾಜಿ ನಕ್ಕರು. ನಗುತ್ತಿದ್ದ ಹಾಗೇ ಎಡಗೈಯಿಂದ ಕಣ್ಣೊರೆಸಿಕೊಂಡರು.

ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಹೋದ ಮೇಲೆ ಗೋಡೆಗೆ ಯಾವ ಫೋಟೋ ಹಾಕುವುದು ಎಂದು ಮನೆಯಲ್ಲಿ ಮಾತು ಬಂತು. ಪೂಜೆಯದೇ ಚೆನ್ನಾಗಿದೆ ಎಂದು ಎಲ್ಲರೂ ಅಂದರು, ನಾನೂ ಅಂದೆ. ಅಣ್ಣ ಒಪ್ಪಲಿಲ್ಲ. ಅಲ್ಲಾಡಿದ್ದಕ್ಕೇ ಕಟ್ಟು ಹಾಕಿಸಿ ಕೊಪ್ಪದ ತನ್ನ ಮನೆಗೆ ಒಯ್ದ. ಈಗಲೂ ಅಲ್ಲೇ ಇದೆ, ಬಂದವರು ಇದು ಯಾರು ಎಂದು ಕೇಳುತ್ತಾರೆ. ಅವನಿಗೂ ವಯಸ್ಸಾಯಿತು. ಕಿವಿ ಬಹಳ ಮಂದವಾಗಿದೆ, ಫೋನಿನಲ್ಲಿ ಮಾತು ಹತ್ತುವುದಿಲ್ಲ. ನನ್ನ ಮಂಡಿ ಹೀಗಾದ ಮೇಲೆ ನಾನೂ ಹೋಗಿಲ್ಲ. ಗಿರಿಜಾ ಇದ್ದಾಳೋ ಹೋದಳೋ ಎಂದು ಬಂದವರ ಹತ್ತಿರ ಕೇಳುತ್ತಾನಂತೆ. ಇದ್ದಾರೆ ಎಂದರೆ ನಂಬುವುದಿಲ್ಲವಂತೆ.

ಎಕ್ಸ್‌ರೇಯವನು ಕತ್ತಲೆ ಕೋಣೆಯಿಂದ ಈಚೆ ಬಂದ, ಕೈಯಲ್ಲಿ ಇನ್ನೂ ನೀರು ತೊಟ್ಟಿಕ್ಕುವ ಕಪ್ಪು ಹಾಳೆ. “ಅಲ್ಲಾಡಿದ್ದೀರಲ್ಲ ಅಜ್ಜಿ. ನೋಡಿ, ಮೂಳೆಯೆಲ್ಲ ಮಂಜು. ಹಾಳಾಯ್ತು, ಇನ್ನೊಂದು ತೆಗೀಬೇಕು” ಎಂದ.

“ತೆಗಿ ಮಾರಾಯ. ಈ ಸಲ ಕಲ್ಲಿನ ಹಾಗೆ ಇರ್ತೀನಿ. ಆದ್ರೆ ಅದನ್ನ ಬಿಸಾಡ್ಬೇಡ, ನಂಗೆ ಬೇಕು” ಎಂದೆ.

ಅವನು ಬೆಪ್ಪಾಗಿ ನನ್ನ ಕೈಗೆ ಕೊಟ್ಟ. ನಾಳೆ ಅದನ್ನು ಅಣ್ಣನಿಗೆ ಅಂಚೆಗೆ ಹಾಕಿಸುತ್ತೇನೆ. ಒಳಗೆ ಕಾಗದ ಇಡುವುದಿಲ್ಲ.